ಬಾಣ ತೋರಿಸುವ ದೂರ, ಕಾಲು ನಡೆಯುವ ದೂರ

ಡಬ್ಬಿ ಹುಡುಕೋಕೆ ಕಾಡಿಗೆ ಹೋಗ್ತೀವಿ ಅಂದ್ರೆ ಊರಲ್ಲಿರುವ ನನ್ನ ಅಮ್ಮನಿಗೆ ಇವತ್ತಿಗೂ ತಲೆಬುಡ ಅರ್ಥವಾಗಿಲ್ಲ. "ಡಬ್ಬೀಲಿ ಏನಿರುತ್ತೋ?" ಅಂತಾಳೆ. ಒಂದು ಸಣ್ಣ ನೋಟ್‌ಬುಕ್ಕು, ಒಂದಷ್ಟು ಆಟದ ಸಾಮಾನು. "ಅದನ್ನ ಮನೆಗೆ ತರ್ತೀರಾ?" ಇಲ್ಲಮ್ಮ, ಹೆಸರು ಬರೆದು ವಾಪಸ್ ಅಲ್ಲೇ ಇಟ್ಟು ಬರ್ತೀವಿ. "ಅಷ್ಟಕ್ಕೆ ಇಡೀ ದಿನ ಗುಡ್ಡ ಹತ್ತಬೇಕಾ?" ಹೌದು, ಅಷ್ಟಕ್ಕೇ.

ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಅದಿರುವ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಆಪ್‌ನಲ್ಲಿ ಹಾಕುತ್ತಾರೆ. ಬೇರೆಯವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆಯಬೇಕು. ಡಬ್ಬಿಯಿಂದ ಏನಾದರೂ ತಗೊಂಡರೆ ಅಷ್ಟೇ ಬೆಲೆಯದ್ದೋ ಅದಕ್ಕಿಂತ ಒಳ್ಳೆಯದ್ದೋ ಇಡಬೇಕು. ಆಮೇಲೆ ಮೊದಲಿದ್ದ ಹಾಗೆಯೇ ಮುಚ್ಚಿಟ್ಟು ಬರಬೇಕು. ಜಗತ್ತಿನಲ್ಲಿ ಇಂಥ ಡಬ್ಬಿಗಳು ಈಗ 30 ಲಕ್ಷಕ್ಕೂ ಜಾಸ್ತಿ ಇವೆ.

ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಈ ಹುಚ್ಚು ಹತ್ತಿಸಿದ್ದು ಅಕ್ಕ. ಸ್ವಂತ ಅಕ್ಕ ಅಲ್ಲ, ಧಾರವಾಡದವರು, ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಅವರ ಯಜಮಾನರನ್ನು ನಾವೆಲ್ಲ ಭಾವ ಅಂತೀವಿ. ಗುಂಪಿನಲ್ಲಿ ಇನ್ನೊಬ್ಬ ಹಾಸನದವನು, ನನ್ನ ಜೊತೆ ಇಂಜಿನಿಯರಿಂಗ್ ಓದಿದವನು. ನಾನು ತೀರ್ಥಹಳ್ಳಿ ಕಡೆಯವನು. ಅಲ್ಲಿಗೆ ಧಾರವಾಡ, ಹಾಸನ, ಮಲೆನಾಡು ಒಂದೇ ಕಾರಿನಲ್ಲಿ ಅಂತಾಯಿತು. ದಾರಿಯುದ್ದಕ್ಕೂ ಬುತ್ತಿಯ ವಿಷಯದಲ್ಲೇ ಅರ್ಧ ಜಗಳ.

ಶುರುವಿನಲ್ಲಿ ಎಲ್ಲ ಸುಲಭದ ಡಬ್ಬಿಗಳೇ. ಅಂಗಡಿ ಸಾಲಿನ ಪಾರ್ಕಿಂಗ್‌ನಲ್ಲಿ ದೀಪದ ಕಂಬ ಇರುತ್ತದಲ್ಲ, ಅದರ ಬುಡಕ್ಕೆ ಹಾಕಿರುವ ತಗಡಿನ ಮುಚ್ಚಳ ಎತ್ತಿದರೆ ಕೆಳಗೆ ಒಂದು ಡಬ್ಬಿ. ಪಾರ್ಕಿನ ಬೆಂಚಿನ ಅಡಿಗೆ ಅಯಸ್ಕಾಂತದಿಂದ ಅಂಟಿಸಿದ, ಬೆರಳ ತುದಿಯಷ್ಟೇ ದೊಡ್ಡದಾದ ಇನ್ನೊಂದು. ಅದರೊಳಗಿನ ಕಾಗದ ಬೀಡಿಗಿಂತ ಸಣ್ಣಗೆ ಸುತ್ತಿಟ್ಟಿರುತ್ತಾರೆ, ಹೊರಗೆ ತೆಗೆಯೋಕೆ ಚಿಮಟವೇ ಬೇಕು. ಆಟ ಗೊತ್ತಿಲ್ಲದ ಜನರಿಗೆ ಆಟಗಾರರು 'ಮಗಲ್' ಅಂತಾರೆ. ಮಗಲ್‌ಗಳು ನೋಡುವಾಗ ಡಬ್ಬಿ ತೆಗೆಯಬಾರದು. ಹಾಗಾಗಿ ಭಾವ ಒಂದು ಉಪಾಯ ಮಾಡಿದ್ದರು. ಯಾರಾದರೂ ಬಂದರೆ ತಕ್ಷಣ ಫೋನ್ ಕಿವಿಗಿಟ್ಟು ಜೋರಾಗಿ ಕನ್ನಡದಲ್ಲಿ ಮಾತಾಡುವುದು. ಬಂದವರು ತಾವಾಗಿಯೇ ದೂರ ಹೋಗುತ್ತಿದ್ದರು.

ಇದೆಲ್ಲ ಬೇಗ ಬೇಜಾರಾಗುತ್ತದೆ. ನನ್ನ ಮಟ್ಟಿಗೆ ಪಾರ್ಕಿಂಗ್ ಡಬ್ಬಿ ಅಂದರೆ ಲೆಕ್ಕ ಹೆಚ್ಚಿಸಿಕೊಳ್ಳುವ ಕೆಲಸ, ಅಷ್ಟೇ. ಆಟದ ಗಮ್ಮತ್ತು ಇರುವುದು ಬೆಟ್ಟದಲ್ಲಿ. ಪ್ರತಿ ಡಬ್ಬಿಗೂ ಎರಡು ಅಂಕ ಕೊಟ್ಟಿರುತ್ತಾರೆ. ಒಂದು, ಹುಡುಕುವುದು ಎಷ್ಟು ಕಷ್ಟ. ಇನ್ನೊಂದು, ಅಲ್ಲಿಗೆ ತಲುಪುವುದು ಎಷ್ಟು ಕಷ್ಟ, ಅದು ನೆಲದ ಅಂಕ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಲೆಕ್ಕದಲ್ಲಿ. ನೆಲದ ಅಂಕ 1 ಅಂದರೆ ಗಾಲಿಕುರ್ಚಿಯಲ್ಲೂ ಹೋಗಬಹುದು. 5 ಅಂದರೆ ದೋಣಿಯೋ, ಹಗ್ಗವೋ, ಏನಾದರೂ ಸಲಕರಣೆ ಬೇಕೇ ಬೇಕು. ಹುಡುಕುವ ಕಷ್ಟದ ಅಂಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದು ಬಚ್ಚಿಟ್ಟವರ ಮನಸ್ಸಿಗೆ ಬಂದಂತೆ. ನೆಲದ ಅಂಕ ಮಾತ್ರ ಸುಳ್ಳು ಹೇಳುವುದು ಕಡಿಮೆ. 3 ದಾಟಿತು ಅಂದರೆ ಮೊಣಕಾಲಿಗೆ ಕೆಲಸ ಗ್ಯಾರಂಟಿ.

ಅಕ್ಕನ ಕಣ್ಣು ಬಿದ್ದಿದ್ದು ಸ್ನೋಕ್ವಾಲ್ಮಿ ಘಟ್ಟದ ಒಂದು ಡಬ್ಬಿಯ ಮೇಲೆ. ಅದು ಅಂತಿಂಥದ್ದಲ್ಲ. 2001ರಲ್ಲಿ ವಾನರರ ಕಥೆಯ ಒಂದು ಹಾಲಿವುಡ್ ಸಿನಿಮಾ ಬಿಡುಗಡೆಯಾಗುವಾಗ ಪ್ರಚಾರಕ್ಕೆ ಅಂತ ಬೇರೆ ಬೇರೆ ಕಡೆ ಒಂದಷ್ಟು ಡಬ್ಬಿ ಬಚ್ಚಿಟ್ಟಿದ್ದರು. ಒಳಗೆ ಸಿನಿಮಾದ ಸಾಮಾನುಗಳೇ ಇದ್ದವಂತೆ. ಅವಕ್ಕೆ ನಕಾಶೆಯಲ್ಲಿ ಪ್ರತ್ಯೇಕ ಗುರುತೇ ಇದೆ. ಈಗ ಅವುಗಳಲ್ಲಿ ಚಾಲ್ತಿಯಲ್ಲಿ ಉಳಿದಿರುವುದು ಎರಡೇ. ಒಂದು ಬ್ರೆಜಿಲ್‌ನಲ್ಲಿ, ಇನ್ನೊಂದು ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ. ಈ ನಮ್ಮದೂ 2011ರಲ್ಲಿ ಕಾಣೆಯಾಗಿತ್ತು. ವರ್ಷಗಳಾದ ಮೇಲೆ ಸಿಕ್ಕಿ, 2017ರಲ್ಲಿ ಮತ್ತೆ ಆಟಕ್ಕೆ ಬಂತು. ಇದಕ್ಕೋಸ್ಕರ ಯೂರೋಪಿನಿಂದ ವಿಮಾನ ಹತ್ತಿ ಬರುವವರಿದ್ದಾರೆ. "ಮಂದಿ ಜರ್ಮನಿಯಿಂದ ಬರ್ತಾರ, ನೀವು ಹುಡುಗ್ರು ಶನಿವಾರ ಹತ್ತಕ್ಕ ಏಳ್ತೀರಿ," ಅಂತ ಅಕ್ಕ ಬೈದ ಮೇಲೆ ಹೊರಡದೆ ಬೇರೆ ದಾರಿ ಇರಲಿಲ್ಲ.

ಸೆಪ್ಟೆಂಬರ್ ತಿಂಗಳು. ಹಿಂದಿನ ರಾತ್ರಿಯೇ ಅಕ್ಕನ ಮನೆಯಲ್ಲಿ ತಯಾರಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕಾಶೆ, ಡಬ್ಬಿಯ ಪುಟ, ಹಿಂದೆ ಹೋದವರು ಬರೆದ ಟಿಪ್ಪಣಿ ಎಲ್ಲವನ್ನೂ ಮೊದಲೇ ಇಳಿಸಿಕೊಳ್ಳಬೇಕು. ಟಿಪ್ಪಣಿ ಓದುವುದು ಬಹಳ ಮುಖ್ಯ. ಮೇಲ್ನೋಟಕ್ಕೆ ಎಲ್ಲರೂ 'ಡಬ್ಬಿಗೆ ಥ್ಯಾಂಕ್ಸ್' ಅಂತಲೇ ಬರೆದಿರುತ್ತಾರೆ. ಆದರೆ ನಡುನಡುವೆ "ಇಳಿಯುವಾಗ ಕಲ್ಲು ಜಾರಿತು", "ಮಳೆ ಬಂದ ಮರುದಿನ ಹೋಗಬೇಡಿ" ಅನ್ನುವ ಸಾಲು ಸಿಗುತ್ತದೆ. ಅದೇ ಬೇಕಾಗಿರುವುದು.

ಅಕ್ಕ ಅಕ್ಷಾಂಶ, ರೇಖಾಂಶವನ್ನು ಕಾಗದದ ಮೇಲೂ ಬರೆದುಕೊಂಡರು. ಫೋನ್ ಸತ್ತರೆ ಕಾಗದ ಇರಲಿ ಅಂತ. ಈ ಆಟದಲ್ಲಿ ಡಿಗ್ರಿ ಆದ ಮೇಲೆ ಮಿನಿಟು, ಮಿನಿಟಿನ ಮುಂದೆ ಚುಕ್ಕಿ ಹಾಕಿ ಮೂರು ಅಂಕಿ ಬರೆಯುತ್ತಾರೆ. ಆ ಕೊನೆಯ ಅಂಕಿ ಒಂದು ಆಚೀಚೆ ಆದರೆ ಉತ್ತರ-ದಕ್ಷಿಣಕ್ಕೆ ಸುಮಾರು 1.85 ಮೀಟರ್ ವ್ಯತ್ಯಾಸ. ಪೂರ್ವ-ಪಶ್ಚಿಮಕ್ಕೆ ನಮ್ಮ ಸಿಯಾಟಲ್ ಅಕ್ಷಾಂಶದಲ್ಲಿ ಇನ್ನೂ ಕಡಿಮೆ, ಸುಮಾರು 1.25 ಮೀಟರ್. ಭಾವ ಬ್ಯಾಂಕಿನ ಲೆಕ್ಕದವರು. ಪ್ರತಿ ಅಂಕಿಯನ್ನೂ ಎರಡು ಸಲ ಓದಿಸಿ ತಾಳೆ ನೋಡಿದರು.

ಬ್ಯಾಗಿಗೆ ಏನೇನು ಹಾಕಬೇಕು ಅನ್ನುವುದಕ್ಕೆ ಇಲ್ಲಿ ಒಂದು ಹಳೆಯ ಪಟ್ಟಿಯೇ ಇದೆ. ಸಿಯಾಟಲ್‌ನ ಪರ್ವತಾರೋಹಿಗಳ ಸಂಘ 1930ರ ದಶಕದಲ್ಲಿ ಮಾಡಿದ್ದು, 'ಹತ್ತು ಅಗತ್ಯಗಳು' ಅಂತ. ನಕಾಶೆ, ದಿಕ್ಸೂಚಿ, ತಲೆದೀಪ, ಹೆಚ್ಚುವರಿ ಬಟ್ಟೆ, ಬೆಂಕಿಪೆಟ್ಟಿಗೆ, ಚಾಕು, ಹೀಗೆ. ನಮ್ಮ ಪಟ್ಟಿಗೆ ಹನ್ನೊಂದನೆಯದು ಶೇಂಗಾ ಚಟ್ನಿಪುಡಿ. ಡಬ್ಬಿಯಲ್ಲಿ ಇಟ್ಟು ಬರೋಕೆ ಅಕ್ಕ ಧಾರವಾಡ ಪೇಡಾ ತೆಗೆದಿಟ್ಟಿದ್ದರು. ತಿನ್ನುವ ಸಾಮಾನು ಇಡುವ ಹಾಗಿಲ್ಲ, ವಾಸನೆಗೆ ಪ್ರಾಣಿಗಳು ಬಂದು ಡಬ್ಬಿ ಕಚ್ಚಿ ಹಾಕುತ್ತವೆ ಅಂತ ಹೇಳಿ ತಡೆದೆವು. "ಮೊದಲ್ನೇ ಡಬ್ಬಿಯಾಗ ಬೀನ್ಸ್ ಇಟ್ಟಿದ್ರಲ್ಲ!" ಅಂತ ಅಕ್ಕ ವಾದ ಮಾಡಿದರು. ಜಗತ್ತಿನ ಮೊಟ್ಟಮೊದಲ ಡಬ್ಬಿಯ ಮಾತು ಅದು, ಅದೂ ನಿಜವೇ. ಕೊನೆಗೆ ಪೇಡಾ ನಮ್ಮ ಹೊಟ್ಟೆಗೆ, ಚನ್ನಪಟ್ಟಣದ ಒಂದು ಪುಟ್ಟ ಬುಗುರಿ ಡಬ್ಬಿಗೆ ಅಂತ ತೀರ್ಮಾನವಾಯಿತು.

ಹೆದ್ದಾರಿ 90ರಲ್ಲಿ ಘಟ್ಟ ಹತ್ತಿ, 54ನೇ ಎಕ್ಸಿಟ್ ತಗೊಂಡರೆ ಹಯಾಕ್ ಅನ್ನುವ ಜಾಗ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಸುರಂಗದ ಬಾಯಿ. ಹೌದು, ಈ ಡಬ್ಬಿಗೆ ಹೋಗುವ ದಾರಿಯಲ್ಲಿ ಒಂದು ಸುರಂಗ ಇದೆ. ಹಳೆಯ ಮಿಲ್ವಾಕೀ ರೈಲು ಕಂಪನಿ ಕೊರೆಸಿದ್ದು, 1915ರಲ್ಲಿ ಶುರುವಾಗಿದ್ದು. 1980ರಲ್ಲಿ ಈ ಕಡೆಯ ರೈಲು ನಿಂತಿತು, ಹಳಿ ಕಿತ್ತರು. ಈಗ ಆ ಹಳಿಯ ಜಾಡು ಸುಮಾರು 460 ಕಿಲೋಮೀಟರ್ ಉದ್ದದ ಕಾಲುದಾರಿ, ಸರ್ಕಾರದ ಉದ್ಯಾನ. ಸುರಂಗ ಒಂದರದ್ದೇ ಉದ್ದ 3.7 ಕಿಲೋಮೀಟರ್. ಒಳಗೆ ಒಂದು ದೀಪವೂ ಇಲ್ಲ.

ಹಾಸನದವನಿಗೆ ಸುರಂಗ ಅಂದರೆ ಸಕಲೇಶಪುರ. ಕಾಲೇಜು ದಿನಗಳಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಹಳಿ ಮೇಲೆ ನಡೆದವನು. ಆಗ ಸುಮಾರು ಜನ ಹಾಗೆ ನಡೆಯುತ್ತಿದ್ದರು. ಈಗ ರೈಲ್ವೆಯವರು ಬಿಡುವುದಿಲ್ಲ, ಬಿಡಲೂ ಬಾರದು. "ಅಲ್ಲಿ 57 ಸುರಂಗ ಕಣ್ರೋ, ಇದ್ಯಾವ ಲೆಕ್ಕ," ಅಂತ ಜಾಕೆಟ್ಟನ್ನು ಕಾರಲ್ಲೇ ಬಿಟ್ಟು ಹೊರಟ. ಸುರಂಗದ ಬಾಯಿಂದ ಇನ್ನೂ ಹತ್ತು ಮಾರು ದೂರ ಇದ್ದೆವು, ಅಷ್ಟರಲ್ಲೇ ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹೊರಗೆ ಬಿಸಿಲು, ಒಳಗೆ ಚಳಿ. ಅವನು ಮಾತಾಡದೆ ಕಾರಿಗೆ ವಾಪಸ್ ಓಡಿದ.

ಒಳಗೆ ಹೋದ ಸ್ವಲ್ಪ ಹೊತ್ತಿಗೆ ಹಿಂದಿನ ಬೆಳಕು ಸಣ್ಣದಾಯಿತು. ಮುಂದೆ ದೂರದಲ್ಲಿ ಸೂಜಿಮೊನೆಯಷ್ಟು ಒಂದು ಬಿಳಿ ಚುಕ್ಕಿ. ಅದು ಆಚೆಯ ಬಾಯಿ. ಎಷ್ಟು ನಡೆದರೂ ಅದು ದೊಡ್ಡದಾಗುವುದೇ ಇಲ್ಲ. ಕೆಲವೊಮ್ಮೆ ಚುಕ್ಕಿ ಎರಡಾಗುತ್ತದೆ, ಒಂದು ಅಲುಗುತ್ತದೆ, ಆಮೇಲೆ ಸೈಕಲ್ ಬಂದು ಪಕ್ಕದಲ್ಲಿ ಹಾದುಹೋಗುತ್ತದೆ. ಸಿಮೆಂಟಿನ ಗೋಡೆಯಲ್ಲಿ ನೀರು ಜಿನುಗಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಭಾವ "ಸ್ವಾಮಿ ದೇವನೆ" ಅಂತ ದೊಡ್ಡ ದನಿಯಲ್ಲಿ ಶುರುಮಾಡಿದರು, ಅದು ಗೋಡೆಗೆ ಬಡಿದು ನಾಲ್ಕು ಜನ ಹಾಡಿದ ಹಾಗೆ ಕೇಳಿಸಿತು. ಹೆಚ್ಚುಕಮ್ಮಿ ಮುಕ್ಕಾಲು ಗಂಟೆ ಹೀಗೇ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು: ತಲೆದೀಪ ಒಬ್ಬೊಬ್ಬರಿಗೂ ಬೇಕು, ಮೊಬೈಲ್ ಟಾರ್ಚು ಸಾಲದು. ಅದೇ ಫೋನು ಆಮೇಲೆ ದಾರಿ ತೋರಿಸಬೇಕಲ್ವಾ, ಬ್ಯಾಟರಿ ಸುರಂಗದಲ್ಲೇ ಖರ್ಚು ಮಾಡಬಾರದು.

ಹೊರಗೆ ಬಂದ ಕೂಡಲೇ ಎಲ್ಲರೂ ಫೋನ್ ತೆಗೆದೆವು. ಡಬ್ಬಿಯ ದಿಕ್ಕು, ದೂರ ತೋರಿಸೋಕೆ ಆಪ್‌ನಲ್ಲಿ ಒಂದು ಬಾಣ ಇರುತ್ತದೆ. ನನ್ನ ಬಾಣ ಒಂದು ಕಡೆ, ಅಕ್ಕನ ಬಾಣ ಇನ್ನೊಂದು ಕಡೆ. ಹಾಸನದವನ ಫೋನ್ ನಾವಿನ್ನೂ ಗುಡ್ಡದ ಆ ಕಡೆಯೇ ಇದ್ದೇವೆ ಅಂತ ತೋರಿಸುತ್ತಿತ್ತು. ಕಲ್ಲಿನೊಳಗೆ ಉಪಗ್ರಹ ಕಾಣುವುದಿಲ್ಲ. ಹೊರಗೆ ಬಂದ ಮೇಲೆ ಕನಿಷ್ಠ ನಾಲ್ಕು ಉಪಗ್ರಹಗಳು ಸರಿಯಾಗಿ ಸಿಗಬೇಕು. ಅಲ್ಲಿ ಒಂದು ಕಡೆ ಗುಡ್ಡದ ಗೋಡೆ ಬೇರೆ, ಅರ್ಧ ಆಕಾಶ ಮುಚ್ಚಿಹೋಗಿದೆ. ಸುಮ್ಮನೆ ಕೂತು ಚಹಾ ಕುಡಿಯುವುದೇ ಸರಿಯಾದ ಕೆಲಸ. ಥರ್ಮಾಸ್ ತೆರೆದೆವು.

ಚಹಾ ಕುಡಿಯುತ್ತಾ ಹಾಸನದವನು ಜಿಪಿಎಸ್ ಪುರಾಣ ಶುರುಮಾಡಿದ. 2000ದ ಮೇ 2ರ ತನಕ ಅಮೆರಿಕದ ಮಿಲಿಟರಿಯವರು ಸಾಮಾನ್ಯ ಜನರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು. ತಪ್ಪು ಸುಮಾರು 100 ಮೀಟರ್‌ವರೆಗೆ ಹೋಗುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆಜ್ಞೆಯಂತೆ ಅದನ್ನು ನಿಲ್ಲಿಸಿದರು. ಮರುದಿನವೇ, ಮೇ 3ಕ್ಕೆ, ಡೇವ್ ಅಲ್ಮರ್ ಅನ್ನುವವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಅಕ್ಕ ಹೇಳಿದ ಬೀನ್ಸ್ ಡಬ್ಬ ಇದ್ದದ್ದು ಅದರಲ್ಲೇ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಇದಕ್ಕೊಂದು ಜಾಲತಾಣ ತೆರೆದಾಗ ಇಡೀ ಜಗತ್ತಿನಲ್ಲಿ ಇದ್ದದ್ದು 75 ಡಬ್ಬಿ. ನಾನು ಎದುರಿನ ಗುಡ್ಡ ನೋಡಿದೆ. ಇಲ್ಲಿ 100 ಮೀಟರ್ ತಪ್ಪು ಅಂದರೆ ಒಂದು ಡಬ್ಬಿಗೆ ಇಡೀ ಗುಡ್ಡವನ್ನೇ ಜಾಲಾಡಬೇಕಿತ್ತು.

ಅಷ್ಟರಲ್ಲಿ ಬಾಣಗಳೆಲ್ಲ ಒಂದೇ ಕಡೆ ತಿರುಗಿದವು. ನೆಟ್ಟಗೆ ಗುಡ್ಡದ ಕಡೆಗೆ. ದೂರ ನೋಡಿದರೆ ಏನೂ ಅಲ್ಲ, ಬೀದಿ ಕೊನೆಯ ಅಂಗಡಿಗೆ ಹೋಗಿ ಬರುವಷ್ಟು. "ಇಷ್ಟೇನಾ! ಐದು ನಿಮಿಷ," ಅಂತ ಹಾಸನದವನು ಎದ್ದೇಬಿಟ್ಟ. ಅಕ್ಕ ಅವನ ಬ್ಯಾಗ್ ಹಿಡಿದು ಎಳೆದು ಕೂರಿಸಿದರು. "ತಡಿಯೋ ತಮ್ಮಾ. ಅದಕ್ಕೇನ್ ಗೊತ್ತಪಾ ನಡುವ ಗುಡ್ಡ ಐತಿ ಅನ್ನೂದು?"

ಬೆಟ್ಟದಲ್ಲಿ ಡಬ್ಬಿ ಹುಡುಕುವವರು ಮೊದಲು ಕಲಿಯಬೇಕಾದದ್ದು ಇದೇ. ಬಾಣ ತೋರಿಸುವುದು ಕಾಗೆ ಹಾರುವ ದೂರ. ನಡುವೆ ಹಳ್ಳ ಇದೆಯೋ, ಬಂಡೆ ಇದೆಯೋ, ಮುಳ್ಳು ಇದೆಯೋ ಅದಕ್ಕೆ ಗೊತ್ತಿಲ್ಲ. ಏರು ಎಷ್ಟು ಅನ್ನುವುದೂ ಅದರ ಲೆಕ್ಕದಲ್ಲಿಲ್ಲ. ಬಾಣ ಹಿಡಿದು ನೆಟ್ಟಗೆ ನುಗ್ಗಿದವರು ಅರ್ಧದಾರಿಯಲ್ಲಿ ಹತ್ತಲೂ ಆಗದೆ ಇಳಿಯಲೂ ಆಗದೆ ನಿಲ್ಲುತ್ತಾರೆ. ಅಕ್ಕನ ಕ್ರಮ ಬೇರೆ. ಫೋನ್ ಒಳಗಿಟ್ಟು ಮೊದಲು ಗುಡ್ಡ ನೋಡುವುದು. ನಕಾಶೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿ ಇದ್ದರೆ ಕಡಿದು, ಬಿಡಿಬಿಡಿಯಾಗಿದ್ದರೆ ಸಲೀಸು. ಹಿಂದೆ ಬಂದವರ ಕಾಲಿನ ಗುರುತು ಎಲ್ಲಿದೆ, ನೀರು ಹರಿದ ಜಾಡು ಯಾವುದು, ಇಳಿಯುವಾಗ ಹಿಡಿಯೋಕೆ ಮರ ಎಲ್ಲಿದೆ, ಇಷ್ಟನ್ನು ನೋಡಿಕೊಂಡ ಮೇಲೆ ಹೆಜ್ಜೆ.

ನಾವು ಹತ್ತಿದ್ದು ಓರೆಯಾಗಿ, ಅಡ್ಡಡ್ಡ ತಿರುಗುತ್ತ. ಕ್ಯಾಸ್ಕೇಡ್ ಬೆಟ್ಟದ ಪಶ್ಚಿಮ ಮಗ್ಗುಲಿಗೆ ಮಳೆ ಜಾಸ್ತಿ. ಹೆಮ್ಲಾಕ್, ಫರ್ ಮರಗಳ ಬುಡಕ್ಕೆಲ್ಲ ದಪ್ಪ ಪಾಚಿ, ಕೆಳಗೆ ಮೊಣಕಾಲೆತ್ತರ ಜರೀಗಿಡ. ನನಗೆ ಆಗುಂಬೆಯ ನೆನಪು ಬರುತ್ತದೆ, ಇಂಬಳ ಒಂದಿಲ್ಲ ಅಷ್ಟೇ. ಆದರೆ ನೆಲ ಬೇರೆ ಥರ. ಮೇಲೆ ಒಂದು ಗೇಣು ಒಣಗಿದ ಸೂಜಿ ಎಲೆ, ಅದರಡಿ ಸಡಿಲ ಮಣ್ಣು, ಅದರೊಳಗೆ ಕಲ್ಲು. ಕಾಲಿಟ್ಟರೆ ಕಾಲಿನ ಜೊತೆ ನೆಲವೂ ಕೆಳಗೆ ಬರುತ್ತದೆ.

ಇಲ್ಲಿ ಡೆವಿಲ್ಸ್ ಕ್ಲಬ್ ಅಂತ ಒಂದು ಗಿಡ ಇದೆ. ನೋಡೋಕೆ ಚೆಂದ. ಮುತ್ತುಗದ ಎಲೆಗಿಂತ ಅಗಲವಾದ ಹಸಿರು ಎಲೆ, ಕೈಬೆರಳು ಬಿಡಿಸಿದ ಹಾಗೆ. ಕಾಂಡ ಸರಿಯಾಗಿ ಮುಷ್ಟಿಗೆ ಸಿಗುವ ದಪ್ಪ. ಜಾರುವ ಹೊತ್ತಿಗೆ 'ಹಿಡ್ಕೋ ನನ್ನ' ಅಂತ ಕರೆಯುವ ಜಾಗದಲ್ಲೇ ಬೆಳೆದಿರುತ್ತದೆ. ಕಾಂಡದ ತುಂಬ ಸೂಜಿಯಂಥ ಹಳದಿ ಮುಳ್ಳು, ಎಲೆ ತಿರುಗಿಸಿದರೆ ನರಗಳ ಮೇಲೂ ಮುಳ್ಳು. ಹಾಸನದವನು ಅದನ್ನೇ ಹಿಡಿದ. ಅವನ ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಕ್ಕ ಸೊಂಟದ ಚೀಲದಿಂದ ಚಿಮಟ ತೆಗೆದರು. ಡಬ್ಬಿಯೊಳಗಿನ ಕಾಗದ ಎಳೆಯೋಕೆ ಅಂತ ಇಟ್ಟುಕೊಂಡಿದ್ದು. ಒಂದು ಮರಕ್ಕೆ ಒರಗಿ ನಿಂತು, ಕನ್ನಡಕ ಹಣೆಗೇರಿಸಿ, ಅಂಗೈಯಿಂದ ಒಂದೊಂದೇ ಮುಳ್ಳು ಕಿತ್ತರು. ಆ ಮುಳ್ಳಿನ ತುದಿ ಮುರಿದು ಒಳಗೇ ಉಳಿದರೆ ಕೀವಾಗುತ್ತದೆ ಅಂತಾರೆ, ಅದಕ್ಕೆ ಅವಸರ ಮಾಡಲಿಲ್ಲ. "57 ಸುರಂಗದಾಗ ಇದು ಇರ್ಲಿಲ್ಲೇನೋ?" ಅಂತ ಮಾತ್ರ ಕೇಳಿದರು.

ಅಲ್ಲಿಂದ ಮುಂದೆ ಸಡಿಲ ಕಲ್ಲಿನ ಏರು. ಇಲ್ಲಿ ಒಬ್ಬರ ಕೆಳಗೆ ಒಬ್ಬರು ನೇರವಾಗಿ ಹತ್ತಬಾರದು. ಮೇಲಿನವರ ಕಾಲಿಂದ ಬಿದ್ದ ಕಲ್ಲು ಕೆಳಗಿನವರ ತಲೆಗೆ. ಒಬ್ಬರು ಹತ್ತಿ ಗಟ್ಟಿ ಜಾಗದಲ್ಲಿ ನಿಂತು ಕೂಗಿದ ಮೇಲೆ ಇನ್ನೊಬ್ಬರು. ಕಲ್ಲು ಉರುಳಿದರೆ 'ಕಲ್ಲೂ' ಅಂತ ಕಿರುಚಬೇಕು, ಕೆಳಗಿದ್ದವರು ತಲೆ ಎತ್ತಿ ನೋಡದೆ ಮರಕ್ಕೆ ಅಂಟಿಕೊಳ್ಳಬೇಕು. ಎರಡು ಕೈ, ಎರಡು ಕಾಲು, ಇವುಗಳಲ್ಲಿ ಮೂರು ಯಾವಾಗಲೂ ನೆಲದಲ್ಲಿರಬೇಕು. ಹಿಡಿಯುವ ಮೊದಲು ಕಲ್ಲನ್ನು ಒಮ್ಮೆ ಅಲುಗಿಸಿ ನೋಡಬೇಕು. ನಮ್ಮಲ್ಲಿ ಎಲ್ಲರಿಗಿಂತ ನೀಟಾಗಿ ಹತ್ತಿದ್ದು ಭಾವ. ಐವತ್ತು ದಾಟಿದೆ, ಜಿಮ್ಮಿನ ಮುಖ ನೋಡಿಲ್ಲ. ಆದರೆ ಒಂದು ಹೆಜ್ಜೆಯೂ ವ್ಯರ್ಥವಿಲ್ಲ. ನಾವು ಎರಡು ಹೆಜ್ಜೆ ಹತ್ತಿ ಒಂದು ಜಾರುತ್ತಿದ್ದರೆ ಅವರು ಕಾಲಿಟ್ಟ ಕಲ್ಲು ಅಲುಗುತ್ತಲೇ ಇರಲಿಲ್ಲ.

ಬಾಣದ ಮೇಲಿನ ಅಂಕಿ 10ಕ್ಕೆ ಇಳಿಯಿತು. ಆಮೇಲೆ 6. ಮತ್ತೆ 14. ಮರದ ಕೆಳಗೆ, ಬಂಡೆಯ ಪಕ್ಕ ಹೀಗೇ ಆಗುವುದು. ಸಂಕೇತ ಬಂಡೆಗೆ ಬಡಿದು ಸುತ್ತುಬಳಸಿ ಬರುತ್ತದೆ, ಫೋನು ಲೆಕ್ಕ ತಪ್ಪುತ್ತದೆ. ಈ ಹಂತದಲ್ಲಿ ಅದನ್ನು ಜೇಬಿಗೆ ಹಾಕಿ ಕಣ್ಣು ಬಿಡಬೇಕು. ಬಚ್ಚಿಟ್ಟವರು ಎಷ್ಟೇ ಜಾಣರಾದರೂ ಮನುಷ್ಯರ ಕೈ ಗೊತ್ತಾಗಿಬಿಡುತ್ತದೆ. ಕಾಡಿನಲ್ಲಿ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ನಾಲ್ಕು ಕಡ್ಡಿ ಒಂದರ ಪಕ್ಕ ಒಂದು ಸಾಲಾಗಿ ಮಲಗಿದ್ದರೆ ಯಾರೋ ಜೋಡಿಸಿದ್ದಾರೆ ಅಂತಲೇ ಅರ್ಥ. ಪಾಚಿ ಒಂದು ಕಡೆ ಒಣಗಿದ್ದರೆ ಅದನ್ನು ಕಿತ್ತು ಮತ್ತೆ ಇಟ್ಟಿದ್ದಾರೆ. ಇನ್ನೊಂದು, ನೆಲ ಅಗೆಯುವ ಅಗತ್ಯ ಯಾವತ್ತೂ ಇಲ್ಲ. ಡಬ್ಬಿ ಹೂಳುವುದಕ್ಕೆ ಆಟದ ನಿಯಮವೇ ಒಪ್ಪುವುದಿಲ್ಲ.

ಡಬ್ಬಿ ಎಲ್ಲಿತ್ತು ಅಂತ ಹೇಳುವುದಿಲ್ಲ. ಹೇಳಿದರೆ ಆಟ ಆಡುವವರು ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಮೊದಲು ಕಂಡಿದ್ದು ಭಾವನಿಗೆ, ಅಷ್ಟು ಸಾಕು. ಅವರು ಕೂಗಲಿಲ್ಲ. ಅಲ್ಲೇ ಪಕ್ಕದ ಬಂಡೆ ಮೇಲೆ ಕೂತು ಬಾಟಲಿ ತೆಗೆದು ನೀರು ಕುಡಿಯುತ್ತಾ ನಮ್ಮ ಪರದಾಟ ನೋಡುತ್ತಿದ್ದರು. ಆಟದಲ್ಲಿ ಇದೂ ಒಂದು ಪದ್ಧತಿ. ಸಿಕ್ಕವರು ಸುಮ್ಮನಿದ್ದು, ಮಿಕ್ಕವರಿಗೂ ಹುಡುಕುವ ಅವಕಾಶ ಕೊಡುವುದು. ಅಕ್ಕನಿಗೆ ಗಂಡನ ಮುಖ ನೋಡಿಯೇ ಗೊತ್ತಾಯಿತು. "ಸಿಕ್ಕೈತಿ! ಹೌದಲ್ಲೋ? ನಗಾಕತ್ತೀರಿ!"

ಮಿಲಿಟರಿಯವರು ಗುಂಡು ತುಂಬಿಡುವ ಕಬ್ಬಿಣದ ಪೆಟ್ಟಿಗೆ. ಕೊಂಡಿ ಎತ್ತಿದಾಗ 'ಟಕ್' ಅಂತ ಸದ್ದು. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ, ಹಾಗಾಗಿ ಇಷ್ಟು ಮಳೆಯಲ್ಲೂ ಒಳಗೆ ಒಂದು ಹನಿ ನೀರಿಲ್ಲ. ಪುಸ್ತಕದಲ್ಲಿ ಬೇರೆ ಬೇರೆ ದೇಶದವರ ಹೆಸರು. ಒಂದಿಷ್ಟು ನಾಣ್ಯ, ಬ್ಯಾಡ್ಜು, ನಾಯಿ ಕೊರಳಿಗೆ ಕಟ್ಟುವಂಥ ಬಿಲ್ಲೆಗಳು. ಬಿಲ್ಲೆ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಊರೂರು ಸುತ್ತುತ್ತದೆ, ಎಲ್ಲಿಗೆ ಹೋಯಿತು ಅಂತ ಮಾಲೀಕರು ಆಪ್‌ನಲ್ಲಿ ನೋಡುತ್ತಿರುತ್ತಾರೆ. ಕರಾವಳಿ ಕಡೆ ಹೋಗಬೇಕು ಅಂತ ಬರೆದಿದ್ದ ಒಂದನ್ನು ನಾವು ತಗೊಂಡೆವು. ಬುಗುರಿ ಇಡುವ ಮೊದಲು ಹಾಸನದವನು ಅದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಒಮ್ಮೆ ತಿರುಗಿಸಿದ. ಮುಳ್ಳು ಚುಚ್ಚಿದ ಕೈ, ಸರಿಯಾಗಿ ತಿರುಗಲಿಲ್ಲ. ಅಕ್ಕ ತಿರುಗಿಸಿದರು, ತಿರುಗಿತು. ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಕನ್ನಡದಲ್ಲೇ ಬರೆದರು.

ಇಂಥ ಕಬ್ಬಿಣದ ಪೆಟ್ಟಿಗೆಯನ್ನು ಬೆಂಗಳೂರಿನ ಬಸ್ ನಿಲ್ದಾಣದ ಹತ್ತಿರ ಇಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅಮೆರಿಕದಲ್ಲೂ ಯಾರೋ ಹೆದರಿ ಪೊಲೀಸರಿಗೆ ಹೇಳಿ, ಬಾಂಬ್ ದಳ ಬಂದು ಡಬ್ಬಿ ಸಿಡಿಸಿದ ಪ್ರಸಂಗಗಳಿವೆ. ಅದಕ್ಕೇ ಹೊರಗೆ 'ಇದು ಆಟದ ಡಬ್ಬಿ' ಅಂತ ದೊಡ್ಡದಾಗಿ ಬರೆಯುತ್ತಾರೆ. ಊರಲ್ಲಿ ಆಡುವ ಆಸೆ ಇದ್ದವರು ಜಾಗದವರನ್ನು ಕೇಳಿ ಇಡುವುದು, ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡದೇ ಇರುವುದು ಕ್ಷೇಮ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಇದರಲ್ಲಿ ಹೊಸದೇನಿಲ್ಲ. ಮುಖ ಗುಡ್ಡದ ಕಡೆ ಮಾಡಿ, ಏಣಿ ಇಳಿದ ಹಾಗೆ ಇಳಿದೆವು. ನನ್ನ ಪ್ಯಾಂಟಿನ ಹಿಂಭಾಗ ಎರಡು ಕಡೆ ಹರಿಯಿತು. ಕೆಳಗೆ ಬಂದು ರೊಟ್ಟಿ, ಚಟ್ನಿಪುಡಿ, ಮೊಸರು, ಮೇಲೆ ಪೇಡಾ.

ಅಲ್ಲಿಗೆ ವಾಪಸ್ ಹೊರಡಬಹುದಿತ್ತು. ಆದರೆ ಅಕ್ಕ ನಕಾಶೆಯಲ್ಲಿ ಇನ್ನೊಂದು ಹಸಿರು ಚುಕ್ಕಿ ನೋಡಿದ್ದರು. ಹಳಿಯ ಜಾಡಿನಲ್ಲೇ ಇನ್ನೂ ಸ್ವಲ್ಪ ಪಶ್ಚಿಮಕ್ಕೆ, ದಾರಿಯ ಪಕ್ಕದ ಬಂಡೆರಾಶಿಯಲ್ಲಿ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅನ್ನುವುದು ನಿಯಮ, ಹಾಗಾಗಿ ಒಳ್ಳೆಯ ದಾರಿ ಸಿಕ್ಕರೆ ಜನ ಸಾಲಾಗಿ ಇಟ್ಟುಬಿಡುತ್ತಾರೆ. ಇದು ಮೈಕ್ರೋ, ಅಂದರೆ ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯಷ್ಟು. ನೆಲದ ಅಂಕ ಕಡಿಮೆ, ಹುಡುಕುವ ಅಂಕ ಜಾಸ್ತಿ. ಸುಳಿವಿನ ಜಾಗದಲ್ಲಿ ಎರಡೇ ಪದ: 'ಕಲ್ಲಿನ ಕೆಳಗೆ'.

ಮೇಲಿಂದ ಉರುಳಿ ಬಂದ ಸಾವಿರಾರು ಕಲ್ಲು, ಎಮ್ಮೆ ಗಾತ್ರದ್ದರಿಂದ ಇಟ್ಟಿಗೆ ಗಾತ್ರದವರೆಗೆ. ಎಲ್ಲದಕ್ಕೂ ಒಂದು 'ಕೆಳಗೆ' ಇದೆ. ಹೊಟ್ಟೆ ಮೇಲೆ ಮಲಗಿ ಸಂದಿಗೆ ಟಾರ್ಚು ಬಿಟ್ಟು ನೋಡಿದೆವು. ಇದ್ದಕ್ಕಿದ್ದಂತೆ ಎಲ್ಲಿಂದಲೋ 'ಈಂಕ್' ಅಂತ ಆಟದ ಗೊಂಬೆ ಅಮುಕಿದಂಥ ಶಬ್ದ. ಹಾಸನದವನು ತನ್ನ ಕೈಕೆಳಗೆ ಏನೋ ಸಿಕ್ಕಿಕೊಂಡಿತು ಅಂತ ಹಾರಿದ. ಪೈಕಾ! ಮೊಲದ ಜಾತಿಗೆ ಸೇರಿದ, ಇಲಿಗಿಂತ ಸ್ವಲ್ಪ ದೊಡ್ಡ, ಗುಂಡು ಕಿವಿಯ ಪ್ರಾಣಿ. ಒಂದು ಬಂಡೆಯ ತುದಿಯಲ್ಲಿ ಬಾಯ್ತುಂಬ ಹುಲ್ಲು ಕಚ್ಚಿಕೊಂಡು ನಿಂತು ನಮ್ಮನ್ನೇ ನೋಡುತ್ತಿತ್ತು. ಚಳಿಗಾಲಕ್ಕೆ ಅದು ನಿದ್ದೆ ಹೋಗುವುದಿಲ್ಲ. ಬೇಸಿಗೆಯಲ್ಲೇ ಹುಲ್ಲು ಕೊಯ್ದು, ಒಣಗಿಸಿ, ಕಲ್ಲಿನಡಿ ಬಣವೆ ಒಟ್ಟಿಕೊಳ್ಳುತ್ತದೆ. ನಾವು ಕೈಹಾಕುತ್ತಿದ್ದ ಸಂದಿಗಳಲ್ಲಿ ಅರ್ಧ ಅದರ ಉಗ್ರಾಣ. ಅಲ್ಲಿಗೆ ನನಗೆ ಡಬ್ಬಿ ಹುಡುಕುವ ಮನಸ್ಸೇ ಹೋಯಿತು. ಅದು ಇನ್ನೊಂದು ಸಲ ಕೂಗಿ, ಹುಲ್ಲಿನ ಸಮೇತ ಸಂದಿಗೆ ಇಳಿಯಿತು.

ಬಹಳ ಹೊತ್ತು ಹುಡುಕಿದರೂ ಡಬ್ಬಿ ಸಿಗಲಿಲ್ಲ. ಬಿಸಿಲು ಇಳಿಯುತ್ತಿತ್ತು, ಮುಂದೆ ಮತ್ತೆ ಇಡೀ ಸುರಂಗ ಇತ್ತು. ಭಾವ ಗಡಿಯಾರ ತೋರಿಸಿದರು. ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಬೇಕು, ಇದಕ್ಕೆ ಆಪ್‌ನಲ್ಲಿ ನೀಲಿ ಬಣ್ಣದ ಅಳುಮುಖ ಇದೆ. ಸುಮಾರು ಜನ ನಾಚಿಕೊಂಡು ಹಾಕುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ. ಸಾಲಾಗಿ ಅಳುಮುಖ ಬಿದ್ದರೆ ತಾನೇ ಡಬ್ಬಿ ಕಳೆದಿರಬಹುದು ಅಂತ ಇಟ್ಟವರಿಗೆ ಗೊತ್ತಾಗುವುದು? ಅಕ್ಕ ಮನೆಗೆ ಬಂದು ಉದ್ದಕ್ಕೆ ಬರೆದರು. ಪೈಕಾ, ಕಲ್ಲು, ಹಾಸನದವನು ಹಾರಿದ್ದು, ಎಲ್ಲ.

ಮುಂದಿನ ವಾರ ಡಬ್ಬಿಯ ಮಾಲೀಕರಿಂದ ಉತ್ತರ ಬಂತು. ಹೋಗಿ ನೋಡಿ ಬಂದೆ, ಡಬ್ಬಿ ಇದ್ದಲ್ಲೇ ಇದೆ, ಪೈಕಾನೂ ಕಾಣಿಸಿತು, ಅಂತ. ಅಕ್ಕ ಅದನ್ನು ನಮ್ಮ ಗುಂಪಿಗೆ ಕಳಿಸಿ, ಕೆಳಗೆ ಒಂದೇ ಸಾಲು ಹಾಕಿದರು: "ನವೆಂಬರ್ 1ಕ್ಕ ಸುರಂಗ ಬಂದ್ ಆಕ್ಕೈತಿ, ಮತ್ತ ತೆಗಿಯೂದು ಮೇ ತಿಂಗಳಿಗೆ. ಯಾವ ಶನಿವಾರ?" ಭಾವ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಹಾಸನದವನು ಏನೂ ಬರೆಯಲಿಲ್ಲ. ಅವತ್ತು ರಾತ್ರಿಯೇ ಚರ್ಮದ ಕೈಗವಸು ಆರ್ಡರ್ ಮಾಡಿದ.